ಒಂಬತ್ತನೆಯ ಫಲಕ

ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಉಳಿದ ಎಲ್ಲ ಕಡೆ ಅವನು ಬ್ರಾಕೆಟ್ಟಣ್ಣ. ಮೀಸೆಯ ಎರಡು ತುದಿಗಳು ಬಾಯಿಯ ಎರಡೂ ಪಕ್ಕ ಬಾಗಿ ಕೆಳಗಿಳಿದು ತುಟಿಗಳನ್ನು ಬ್ರಾಕೆಟ್ಟಿನೊಳಗೆ ಹಾಕಿದಂತೆ ಕಾಣುತ್ತಿದ್ದವು. ಆದರೆ ಹೆಸರು ಬಿದ್ದದ್ದು ಮೀಸೆಯಿಂದಲ್ಲ, ಅವನು ಕಲಿತ ವಿದ್ಯೆಯಿಂದ.

ಅವನು ಕೆಲಸ ಮಾಡುತ್ತಿದ್ದದ್ದು ಹಿತ್ತಾಳೆ ಫಲಕ ಕೆತ್ತುವ ಅಂಗಡಿಯಲ್ಲಿ. ಉದ್ದನೆಯ ಒಂದೇ ಕೋಣೆ. ಮುಂದೆ ಗಾಜಿನ ಬಾಗಿಲು, ಹಿಂದೆ ಕೆತ್ತುವ ಯಂತ್ರ, ನಡುವೆ ಗೋಡೆಗುಂಟ ನಾಲ್ಕು ಮೇಜು. ಎಣ್ಣೆಯ ವಾಸನೆ ಬಟ್ಟೆ ಒಗೆದರೂ ಹೋಗುತ್ತಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸೋದರಮಾವನ ಹಿಂದೆ ಇಲ್ಲಿಗೆ ಬಂದವನು ಐವತ್ತನಾಲ್ಕು ತುಂಬಿದರೂ ಇಲ್ಲೇ ಇದ್ದ. ಮಾವ ಉಳಿ ಹಿಡಿಯುವುದನ್ನು ಕಲಿಸುವ ಮೊದಲೇ ಒಂದು ನಿಯಮ ಕಲಿಸಿದ್ದ. ಅಂಗಡಿಯಲ್ಲಿ ಅಕ್ಷರಗಳನ್ನು ಆಳವಾಗಿ ಕೊರೆದಿಟ್ಟ ಮರದ ಹಲಗೆಗಳಿದ್ದವು, ಮೂಲ ಹಲಗೆಗಳು. ಅವುಗಳ ಮೇಲೆ ತೆಳು ಕಾಗದ ಇಟ್ಟು ನಕಲು ತೆಗೆಯಬೇಕು. ಸೇರಿಸುವುದು, ತಿದ್ದುವುದು ಏನಿದ್ದರೂ ಆ ಕಾಗದದ ಮೇಲೆ. ಹಲಗೆಯ ಮೇಲೆ ಒಂದು ಗೆರೆಯನ್ನೂ ಎಳೆಯಕೂಡದು. ಮಾವ ಹೋದ ಮೇಲೆ ಈ ನಿಯಮವನ್ನು ಕಾಯುವ ಕೆಲಸ ಬ್ರಾಕೆಟ್ಟಣ್ಣನ ಪಾಲಿಗೆ ಬಂತು. ಕೋಪ ಮೂಗಿನ ತುದಿಯಲ್ಲೇ ಇದ್ದದ್ದರಿಂದ ಅವನಿಗೆ ಅದು ಕಷ್ಟವಾಗಲಿಲ್ಲ.

ಹನ್ನೆರಡು ವರ್ಷದ ಹಿಂದೆ ಕೆತ್ತುವ ಯಂತ್ರ ಬಂತು, ಜೊತೆಗೆ ಒಂದು ಕಂಪ್ಯೂಟರು. ಕೂರಿಸಿದ ಎಂಜಿನಿಯರು ಅದಕ್ಕೆ ಲಿಸ್ಪ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಟ್ಟು, ಒಂದು ದಪ್ಪ ಪುಸ್ತಕವನ್ನು ಕಿಟಕಿಯಲ್ಲಿ ಮರೆತು ಹೋದ. ಮತ್ತೆ ಬರಲಿಲ್ಲ. ಹೊಸ ಅಳತೆಯ ಫಲಕ ಬೇಕಾದಾಗ ಪ್ರೋಗ್ರಾಂ ಬದಲಿಸುವವರು ಯಾರೂ ಇಲ್ಲದೆ ಬ್ರಾಕೆಟ್ಟಣ್ಣನೇ ಪುಸ್ತಕ ತೆಗೆದ. ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಎರಡು ವರ್ಷ ಹಿಡಿಯಿತು. ಆ ಭಾಷೆಯಲ್ಲಿ ಇರುವುದೆಲ್ಲ ಬ್ರಾಕೆಟ್ಟಿನೊಳಗೆ. ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ. ತೆರೆದದ್ದನ್ನು ಮುಚ್ಚಲೇಬೇಕು. ಈ ಶಿಸ್ತು ಅವನಿಗೆ ಹಿಡಿಸಿತು. ಏಳನೇ ಕ್ಲಾಸಿನವನು ಇದನ್ನು ಕಲಿತ ಎಂದರೆ ಓದಿದವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಯಂತ್ರವಂತೂ ನಂಬಿ ಕೆತ್ತುತ್ತಿತ್ತು.

ಅಂಗಡಿಗೆ ಇನ್ನೊಂದು ಪದ್ಧತಿ ಇತ್ತು. ಫಲಕ ಕೆಟ್ಟರೆ ಕರಗಿಸಲು ಕಳಿಸುತ್ತಿರಲಿಲ್ಲ. ಕೆಡಿಸಿದವರ ಮೇಜಿನ ಮೇಲಿನ ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತಿದ್ದರು. ಒಂದು ಸಲದ ತಪ್ಪಿಗೆ ಒಂದು ಫಲಕ. ಮೂರಾದರೆ ಮನೆಗೆ. ಪಾಲಿಶ್ ಮಾಡುವ ಅಜ್ಜನ ಗೋಡೆಯಲ್ಲಿ ಎರಡು ಇದ್ದವು, ಎರಡೂ ಅವನ ಕಟ್ಟಿಸಿದ ಹಲ್ಲಿಗಿಂತ ಹಳೆಯವು. ಬ್ರಾಕೆಟ್ಟಣ್ಣನ ಗೋಡೆ ಈ ಪದ್ಧತಿ ಶುರುವಾದ ಹತ್ತೊಂಬತ್ತು ವರ್ಷದಿಂದ ಬೋಳು. ಹೊಸ ಗಿರಾಕಿ ಬಂದರೆ ಅವನು ಏನೋ ನೆಪ ಮಾಡಿ ಆ ಗೋಡೆಯ ಮುಂದೆ ಹೋಗಿ ನಿಲ್ಲುತ್ತಿದ್ದ.

ನಾಲ್ಕನೇ ಮೇಜು ಅವನ ನಾದಿನಿಯದು, ಹೆಂಡತಿಯ ತಂಗಿ. ಗಂಡ ಸತ್ತ ಮೇಲೆ ಎರಡು ವರ್ಷ ಅಕ್ಕ-ಭಾವನ ಮನೆಯ ಹಜಾರದಲ್ಲಿ, ಪಾತ್ರೆಯ ಕಪಾಟಿನ ಪಕ್ಕ ಮಂಚ ಹಾಕಿಕೊಂಡು ಇದ್ದಳು. ಭಾವನೇ ಹೇಳಿ ಈ ಕೆಲಸ ಕೊಡಿಸಿದ. ಗಿರಾಕಿಗಳು ಕೊಟ್ಟ ಹೆಸರುಗಳನ್ನು ಟೈಪ್ ಮಾಡಿ ಪಟ್ಟಿ ತಯಾರಿಸುವುದು ಅವಳ ಕೆಲಸ. ಸೇರಿದ ತಿಂಗಳೇ ದರ್ಜಿ ಅಂಗಡಿಯ ಮಹಡಿಯಲ್ಲಿ ತನ್ನದೇ ಒಂದು ಕೋಣೆ ಹಿಡಿದಳು. ಅದೇ ತಿಂಗಳು ಒಂದು ಫಲಕದಲ್ಲಿ ಅಕ್ಷರ ಬಿಟ್ಟಳು, ಇನ್ನೊಂದರಲ್ಲಿ ಬಾಗಿಲಿನ ನಂಬರು ತಿರುಗುಮುರುಗು ಮಾಡಿದಳು. ಎರಡೂ ಅವಳ ಗೋಡೆಯಲ್ಲಿದ್ದವು. ಆಮೇಲೆ ಒಂದೂವರೆ ವರ್ಷ ತಪ್ಪಿಲ್ಲ. ಮೂರನೆಯದು ಬಿದ್ದರೆ ಕೋಣೆ ಹೋಗುತ್ತದೆ, ಮಂಚ ಮತ್ತೆ ಕಪಾಟಿನ ಪಕ್ಕಕ್ಕೆ ಬರುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

ಒಂದು ಬುಧವಾರ ಆಸ್ಪತ್ರೆಯೊಂದರ ಕೆಲಸ ಬಂತು. ಒಂಬತ್ತು ಬಾಗಿಲಿಗೆ ಒಂಬತ್ತು ಫಲಕ, ಶುಕ್ರವಾರ ಬೆಳಗ್ಗೆ ಕೊಡಬೇಕು. ಪ್ರತಿಯೊಂದರಲ್ಲೂ ಮೊದಲು ‘ವಿಭಾಗ’ ಎಂಬ ಮಾತು, ಅದರ ಮುಂದೆ ಆಯಾ ವಿಭಾಗದ ಹೆಸರು. ನಾದಿನಿ ಪಟ್ಟಿ ಕೊಟ್ಟಳು, ಬ್ರಾಕೆಟ್ಟಣ್ಣ ಯಂತ್ರಕ್ಕೆ ತಗಡುಗಳನ್ನು ಜೋಡಿಸಿ ಪ್ರೋಗ್ರಾಂ ಓಡಿಸಿದ. ಮೊದಲ ಫಲಕ ಬಂತು: ‘ವಿಭಾಗ ಕಣ್ಣು.’ ಅಂಚು ಚೊಕ್ಕ, ಅಕ್ಷರ ಚೊಕ್ಕ. ಅವನು ಟೀ ಕುಡಿಯಲು ಹೋದ. ಬರುವಷ್ಟರಲ್ಲಿ ಉಳಿದ ಎಂಟೂ ಕೆತ್ತಿ ಮುಗಿದಿದ್ದವು. ಪಾಲಿಶ್ ಅಜ್ಜ ಒಂದೊಂದನ್ನೇ ಬೆಳಕಿಗೆ ಹಿಡಿದು ಓದುತ್ತಿದ್ದ.

“ವಿಭಾಗ ಕಣ್ಣು ಹಲ್ಲು. ಸರಿ, ಹತ್ತಿರ ಹತ್ತಿರ ಇವೆ. ವಿಭಾಗ ಕಣ್ಣು ಹಲ್ಲು ಮೂಳೆ. ಇಷ್ಟು ಓದಿದ ಡಾಕ್ಟ್ರು ನಮ್ಮೂರಿಗೆ ಯಾವಾಗ ಬಂದ್ರಪ್ಪ?”

“ಏನ್ ಹೇಳ್ತಾ ಇದ್ದೀರಿ?”

“ನಾನೇನೂ ಹೇಳ್ತಿಲ್ಲ, ತಗಡು ಹೇಳ್ತಿದೆ. ಕೊನೇದು ಓದ್ಲಾ? ವಿಭಾಗ ಕಣ್ಣು ಹಲ್ಲು ಮೂಳೆ ಚರ್ಮ ಕಿವಿ ಹೃದಯ ನರ ಹೊಟ್ಟೆ ಹೆರಿಗೆ. ಈ ಒಂದು ಬಾಗಿಲು ಸಾಕು, ಉಳಿದ ಎಂಟು ಕೋಣೆ ಬಾಡಿಗೆಗೆ ಕೊಡಬಹುದು.”

ಯಾರೂ ನಗಲಿಲ್ಲ, ಏಕೆಂದರೆ ಯಜಮಾನರು ಬಂದು ನಿಂತಿದ್ದರು. ಯಜಮಾನರು ದನಿ ಎತ್ತುವವರಲ್ಲ. ಕೇಳಿದ್ದು ಇಷ್ಟೇ: “ಯಾರ ಕೈಯಿಂದ ಆಯ್ತು?”

ಬ್ರಾಕೆಟ್ಟಣ್ಣನ ಮುಖ ಕೆಂಪಾಯಿತು. “ಯಂತ್ರ ಕೊಟ್ಟಿದ್ದನ್ನ ಕೆತ್ತುತ್ತೆ. ಕೊಟ್ಟೋರನ್ನ ಕೇಳಿ,” ಎಂದ.

ಹಾಗೆನ್ನುವಾಗ ಅವನು ನಾದಿನಿಯ ಕಡೆ ನೋಡಲಿಲ್ಲ. ಯಜಮಾನರು ನೋಡಿದರು. ಒಂಬತ್ತನೆಯ ಫಲಕವನ್ನು ತೆಗೆದುಕೊಂಡು ಹೋಗಿ, ತಾವೇ ಸುತ್ತಿಗೆ ಹಿಡಿದು ಅವಳ ಗೋಡೆಗೆ ಮೂರನೇ ಮೊಳೆ ಹೊಡೆದರು. “ನಾಳೆ ಸಂಜೆವರೆಗೂ ಇದ್ದು, ಕೆಲಸ ಒಪ್ಪಿಸಿ ಹೋಗಮ್ಮ,” ಎಂದರು. ಅವಳು ಆಗಲಿ ಎಂದಳು, ಇಲ್ಲ ಎನ್ನಲಿಲ್ಲ.

ಮರುದಿನ ಬೆಳಗ್ಗೆ ಬ್ರಾಕೆಟ್ಟಣ್ಣ ಹೊಸ ತಗಡುಗಳನ್ನು ಅಳತೆಗೆ ಕತ್ತರಿಸುತ್ತಿದ್ದಾಗ ಅವಳು ಬಂದು ಮುಂದೆ ನಿಂತಳು.

“ಭಾವ, ಒಂದು ಮಾತು.”

“ಮಾತಾಡೋಕೆ ಪುರುಸೊತ್ತಿಲ್ಲ.”

“ನೀವು ಮಾತಾಡೋದು ಬೇಡ, ಓದಿ ಸಾಕು.” ಅವಳು ಒಂದು ಕಾಗದ ಇಟ್ಟಳು. ಅವಳು ಟೈಪ್ ಮಾಡಿದ ಪಟ್ಟಿ. ಒಂಬತ್ತು ಸಾಲು, ಒಂದು ಸಾಲಿಗೆ ಒಂದೇ ಮಾತು.

“ಇದು ಆಮೇಲೆ ತಿದ್ದಿ ತೆಗೆದಿದ್ದು.”

“ಮೇಲೆ ಟೈಮು ಬಿದ್ದಿದೆ. ನಿನ್ನೆ ಹತ್ತೂಕಾಲು. ನೀವಿನ್ನೂ ತಗಡು ಜೋಡಿಸಿರಲಿಲ್ಲ.”

ಅವನು ಟೈಮು ನೋಡಿದ. ನೋಡಿದ್ದನ್ನು ಒಪ್ಪಿಕೊಳ್ಳುವುದು ಬೇರೆ ಕೆಲಸ. “ಬಾ, ತೋರಿಸ್ತೀನಿ,” ಎಂದು ಕಂಪ್ಯೂಟರಿನ ಮುಂದೆ ಕೂತ. ತಗಡು ಇಲ್ಲದೆ ತೆರೆಯ ಮೇಲಷ್ಟೇ ಅಕ್ಷರ ಮೂಡಿಸಬಹುದಿತ್ತು. ‘ಕಣ್ಣು’ ಕೊಟ್ಟ. ‘ವಿಭಾಗ ಕಣ್ಣು’ ಎಂದು ಬಂತು. ಕಂಪ್ಯೂಟರು ಆರಿಸಿದ, ಮತ್ತೆ ಹಚ್ಚಿದ, ‘ಹಲ್ಲು’ ಕೊಟ್ಟ. ‘ವಿಭಾಗ ಹಲ್ಲು.’ ಮತ್ತೆ ಆರಿಸಿದ, ಹಚ್ಚಿದ, ‘ಮೂಳೆ’ ಕೊಟ್ಟ. ‘ವಿಭಾಗ ಮೂಳೆ.’

“ಕಂಡ್ಯಾ? ಪ್ರೋಗ್ರಾಂ ಸರಿಯಾಗೇ ಇದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಕತೇನೂ ಒಂದಿದೆ,” ಎಂದ ಪಾಲಿಶ್ ಅಜ್ಜ ತನ್ನ ಮೂಲೆಯಿಂದ, ತಲೆ ಎತ್ತದೆ.

“ನಿಮ್ಮನ್ನ ಯಾರೂ ಕೇಳಲಿಲ್ಲ.”

“ನಾನು ಈ ಪಾಲಿಶ್ ಬಟ್ಟೆಗೆ ಹೇಳಿದ್ದು.”

ನಾದಿನಿ ತೆರೆಯನ್ನೇ ನೋಡುತ್ತಿದ್ದಳು. “ಪ್ರತಿ ಸಲ ಯಾಕೆ ಆರಿಸ್ತೀರಿ?”

“ಕೈ ತೊಳ್ಕೊಂಡು ಕೆಲಸ ಶುರು ಮಾಡ್ಬೇಕು. ನನ್ನ ಅಭ್ಯಾಸ.”

“ನಿನ್ನೆ ಒಂಬತ್ತೂ ಒಟ್ಟಿಗೆ ಹೋದ್ವಲ್ಲ, ನಡುವೆ ಯಾರು ಕೈ ತೊಳೆದ್ರು?”

ಅವನು ಕೀಲಿಮಣೆಯ ಕಡೆ ತಿರುಗಿದ. ಈ ಸಲ ಆರಿಸದೆ ‘ಕಣ್ಣು’ ಕೊಟ್ಟ, ಅದರ ಬೆನ್ನಿಗೇ ‘ಹಲ್ಲು’ ಕೊಟ್ಟ. ಮೊದಲನೆಯದು ಸರಿಯಾಗಿ ಬಂತು. ಎರಡನೆಯದು ಬಂತು: ‘ವಿಭಾಗ ಕಣ್ಣು ಹಲ್ಲು.’ ಎರಡನೇ ಸಲ ಅವನು ತಾನೇ ಬೆರಳಿಂದ ಒತ್ತಿದ್ದು ‘ಹಲ್ಲು’ ಮಾತ್ರ.

“ನೀನು ಹೋಗಿ ನಿನ್ನ ಕೆಲಸ ನೋಡ್ಕೋ,” ಎಂದ. ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

ಆಮೇಲೆ ಒಬ್ಬನೇ ಕೂತು ಹುಡುಕಿದ. ಪ್ರೋಗ್ರಾಮಿನ ನಡುವೆ ಅಲ್ಲಲ್ಲಿ ‘ಈಗ ನಿನ್ನ ಕೈಯಲ್ಲಿ ಏನಿದೆ ತೋರಿಸು’ ಎಂಬಂಥ ಸಾಲುಗಳನ್ನು ಸೇರಿಸಿದ. ಕೆಲಸ ಹೀಗೆ ನಡೆಯಬೇಕಿತ್ತು: ‘ವಿಭಾಗ’ ಎಂಬ ಮಾತು ಒಂದು ಬ್ರಾಕೆಟ್ಟಿನಲ್ಲಿ ಸದಾ ಸಿದ್ಧವಾಗಿರುತ್ತದೆ, ಪಟ್ಟಿಯಿಂದ ಬಂದ ಮಾತನ್ನು ಅದರ ಬಾಲಕ್ಕೆ ಜೋಡಿಸಬೇಕು, ಆಮೇಲೆ ಎರಡನ್ನೂ ಅಂಟಿಸಿ ಒಂದೇ ಅಕ್ಷರಸರ ಮಾಡಿ ಯಂತ್ರಕ್ಕೆ ಕೊಡಬೇಕು. ಅಂಟಿಸುವ ಜಾಗದಲ್ಲಿ ತಪ್ಪಿರಲಿಲ್ಲ. ಪಟ್ಟಿ ಓದುವ ಜಾಗದಲ್ಲೂ ತಪ್ಪಿರಲಿಲ್ಲ. ಸಿದ್ಧವಾಗಿದ್ದ ಬ್ರಾಕೆಟ್ಟನ್ನು ತೋರಿಸು ಎಂದಾಗ ಸಿಕ್ಕಿತು. ಅದರಲ್ಲಿ ‘ವಿಭಾಗ’ ಎಂಬ ಒಂದೇ ಮಾತು ಇರಬೇಕಿತ್ತು. ಒಂದು ಫಲಕ ಆದ ಮೇಲೆ ಅದರಲ್ಲಿ ಎರಡು ಮಾತಿದ್ದವು. ಎರಡು ಫಲಕ ಆದ ಮೇಲೆ ಮೂರು. ಕಂಪ್ಯೂಟರು ಆರಿಸಿ ಹಚ್ಚಿದರೆ ಮತ್ತೆ ಒಂದು.

ಜೋಡಿಸುವ ಸಾಲಿಗೆ ಬಂದ. ಎಂಜಿನಿಯರು ಅಲ್ಲಿ ‘ಅಪೆಂಡ್’ ಎಂದು ಬರೆದಿದ್ದ. ಹೋದ ವಾರ ಅದನ್ನು ತೆಗೆದು ‘ಎನ್‌ಕಾಂಕ್’ ಎಂದು ಹಾಕಿದವನು ಬ್ರಾಕೆಟ್ಟಣ್ಣನೇ. ಆಮೇಲೆ ಹಲವು ಫಲಕಗಳನ್ನು ಒಟ್ಟಿಗೆ ಓಡಿಸಿದ್ದು ಇದೇ ಮೊದಲು. ಎರಡೂ ಜೋಡಿಸುವ ಮಾತುಗಳೇ. ಅಪೆಂಡು ಮೊದಲಿನದರ ನಕಲು ತೆಗೆದು, ನಕಲಿನ ಬಾಲಕ್ಕೆ ಹೊಸದನ್ನು ಕಟ್ಟುತ್ತದೆ. ಎನ್‌ಕಾಂಕು ನಕಲು ತೆಗೆಯುವುದಿಲ್ಲ, ಮೂಲದ ಬಾಲಕ್ಕೇ ಕಟ್ಟುತ್ತದೆ. ಅದರಿಂದ ಕೆಲಸ ಬೇಗ ಎಂದು ಪುಸ್ತಕ ಹೇಳಿತ್ತು. ಬೇಗ ಎಂಬುದನ್ನು ಓದಿ ಅವನು ಪುಸ್ತಕ ಮುಚ್ಚಿದ್ದ. ಈಗ ತೆರೆದು ನೋಡಿದರೆ ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಇತ್ತು: ಪ್ರೋಗ್ರಾಮಿನಲ್ಲೇ ಬರೆದಿಟ್ಟ ಪಟ್ಟಿಯ ಮೇಲೆ ಇದನ್ನು ಹಾಕಬೇಡಿ, ಮೂಲ ಕೆಡುತ್ತದೆ.

ಹದಿನೈದರ ವಯಸ್ಸಿನಲ್ಲಿ ಅವನು ಒಂದು ಸಲ ಕಾಗದ ಉಳಿಸಲು ಹೋಗಿ ಗಿರಾಕಿಯ ಹೆಸರನ್ನು ನೇರ ಮೂಲ ಹಲಗೆಯ ಮೇಲೇ ಕೊರೆದಿದ್ದ. ಆಮೇಲೆ ಆ ಹಲಗೆಯಿಂದ ತೆಗೆದ ಪ್ರತಿ ನಕಲಿನಲ್ಲೂ ಆ ಹೆಸರು ಬಂತು. ಮಾವ ಹೊಡೆಯಲಿಲ್ಲ. ಹಲಗೆಯನ್ನು ಅವನ ತೊಡೆಯ ಮೇಲಿಟ್ಟು, ಆ ಗೆರೆಗಳನ್ನು ಮೇಣ ತುಂಬಿ ಮುಚ್ಚುವವರೆಗೆ ಏಳಗೊಡಲಿಲ್ಲ. ಎರಡು ದಿನ ಹಿಡಿಯಿತು. ಮೂವತ್ತೊಂಬತ್ತು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದ ಪಾಠವನ್ನು ಅವನು ಕಂಪ್ಯೂಟರಿನಲ್ಲಿ ಮಾತ್ರ ಮರೆತಿದ್ದ, ಅಲ್ಲಿ ಹಲಗೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ.

ಎನ್‌ಕಾಂಕ್ ಅಳಿಸಿ ಅಪೆಂಡ್ ಹಾಕಿದ. ಒಂದೇ ಮಾತಿನ ಬದಲಾವಣೆ. ಆರಿಸದೆ ಒಂಬತ್ತನ್ನೂ ಓಡಿಸಿದ, ಒಂಬತ್ತೂ ಸರಿಯಾಗಿ ಬಂದವು. ನಾದಿನಿಯ ಪಟ್ಟಿಯಲ್ಲಿ ಒಂದು ಚುಕ್ಕಿಯನ್ನೂ ಮುಟ್ಟಬೇಕಾಗಲಿಲ್ಲ. ತಗಡು ಜೋಡಿಸಿ ಯಂತ್ರ ಹಚ್ಚಿದ. ಈ ಸಲ ಟೀಗೆ ಹೋಗದೆ ಪಕ್ಕದಲ್ಲೇ ನಿಂತ.

ಮಧ್ಯಾಹ್ನ ಮೂರಕ್ಕೆ ಫಲಕಗಳು ಮುಗಿದವು. ಪ್ರೋಗ್ರಾಂ ಓದಬಲ್ಲವರು ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಏನಾಗಿತ್ತು ಎಂದು ಅವನು ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಯಂತ್ರ ಬಿಸಿಯಾಗಿತ್ತು ಎನ್ನಬಹುದಿತ್ತು. ಏನೂ ಅನ್ನದೆಯೂ ಇರಬಹುದಿತ್ತು. ನಾದಿನಿ ಮೇಜಿನ ಡ್ರಾಯರು ಖಾಲಿ ಮಾಡುತ್ತಿದ್ದಳು. ಒಂದು ಬಾಚಣಿಗೆ, ಕನ್ನಡಕದ ಡಬ್ಬಿ, ಎರಡು ಪೆನ್ನು ಚೀಲಕ್ಕೆ ಹೋದವು. ಅವನು ತನ್ನ ಬೋಳು ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದ. ಪಾಲಿಶ್ ಅಜ್ಜ ಅವನನ್ನು ನೋಡುತ್ತಿದ್ದ.

ಬ್ರಾಕೆಟ್ಟಣ್ಣ ಎದ್ದು ಸುತ್ತಿಗೆ ತೆಗೆದುಕೊಂಡ. ನಾದಿನಿಯ ಮೇಜಿನ ಹತ್ತಿರ ಹೋಗಿ, “ಆಚೆ ಸರಿ,” ಎಂದು, ಒಂಬತ್ತನೆಯ ಫಲಕವನ್ನು ಮೊಳೆಯಿಂದ ಬಿಡಿಸಿಕೊಂಡ. ತನ್ನ ಗೋಡೆಗೆ ಬಂದು ಹೊಸ ಮೊಳೆ ಇಟ್ಟು ಹೊಡೆದ. ಸದ್ದು ಕೇಳಿ ಯಜಮಾನರು ಬಂದರು.

“ಇದೇನು?”

“ನಂದು.”

“ಪಟ್ಟಿ ತಪ್ಪಿತ್ತು ಅಂದ್ಯಲ್ಲ?”

“ಪಟ್ಟಿ ಸರಿ ಇತ್ತು. ನಾನು ಮೂಲ ಹಲಗೆ ಮೇಲೆ ಬರೆದೆ.”

ಯಜಮಾನರಿಗೆ ಲಿಸ್ಪ್ ಗೊತ್ತಿರಲಿಲ್ಲ. ಈ ಮಾತು ಗೊತ್ತಿತ್ತು. “ನೀನಾ?” ಎಂದರು. ಗೋಡೆಯ ಕಡೆ ನೋಡಿ, “ಹತ್ತೊಂಬತ್ತು ವರ್ಷ ಆದ್ಮೇಲೆ?”

“ಕೆಡಿಸೋಕೆ ಒಂದು ವಾರ ಸಾಕಾಯ್ತು.”

ಯಜಮಾನರು ನಾದಿನಿಯ ಕಡೆ ತಿರುಗಿದರು. “ನಾಳೆಯ ಕೆಲಸದ ಪಟ್ಟಿ ಯಾವಾಗ ಕೊಡ್ತೀಯಮ್ಮ?” ಎಂದರು. ಅದು ಅವರು ಕ್ಷಮೆ ಕೇಳುವ ರೀತಿ. ಬೆಳಗ್ಗೆ ಹತ್ತಕ್ಕೆ ಎಂದಳು. ಅವರು ಒಳಗೆ ಹೋದರು.

ಬ್ರಾಕೆಟ್ಟಣ್ಣನಿಗೆ ಆ ರೀತಿಯೂ ಬರುತ್ತಿರಲಿಲ್ಲ. ಬಯ್ಯುವುದಕ್ಕೆ ನೂರು ಮಾತು ಕಲಿತವನು ಇದಕ್ಕೊಂದು ಮಾತು ಕಲಿತಿರಲಿಲ್ಲ. ಸುತ್ತಿಗೆ ಹಿಡಿದು ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದ. ನಾದಿನಿ ಬಾಚಣಿಗೆಯನ್ನು ಡ್ರಾಯರಿಗೆ ಹಾಕಿ, ಕನ್ನಡಕದ ಡಬ್ಬಿ ಹಾಕಿ, ಪೆನ್ನು ಹಾಕಿ, ಡ್ರಾಯರು ತಳ್ಳಿದಳು.

“ಎಡಗಡೆ ಇಳಿದಿದೆ, ಭಾವ.”

“ಏನು?”

“ಫಲಕ. ಸೊಟ್ಟ ಹೊಡೆದಿದ್ದೀರಿ. ನೋಡಿದೋರು ನನ್ನ ಕೈಕೆಲಸ ಅಂದ್ಕೋತಾರೆ.”

“ಬಾಯಿ ಮುಚ್ಚು,” ಎಂದ. ಎಂದು, ಮೊಳೆ ಕಿತ್ತು, ಅಳತೆಪಟ್ಟಿ ಇಟ್ಟು ನೋಡಿ, ನೆಟ್ಟಗೆ ಹೊಡೆದ.

“ಈಗ ಚೆಂದ ಕಾಣುತ್ತೆ,” ಎಂದ ಪಾಲಿಶ್ ಅಜ್ಜ. “ತಂದುಕೊಡು, ಸ್ವಲ್ಪ ಹೊಳಪು ಕೊಡ್ತೀನಿ. ಗಿರಾಕಿಗಳು ದೂರದಿಂದ ಓದ್ಲಿ.”

ನಾದಿನಿಯ ಗೋಡೆಯಲ್ಲಿ ಯಜಮಾನರು ಹೊಡೆದ ಮೊಳೆಯನ್ನು ಕೀಳಲು ಎಲ್ಲರೂ ಮರೆತಿದ್ದರು. ಶುಕ್ರವಾರ ಬೆಳಗ್ಗೆ ಅವಳು ಬಂದು, ಚೀಲ ಇಟ್ಟು, ದರ್ಜಿ ಮಹಡಿಯ ಕೋಣೆಯ ಬೀಗದ ಕೈಯನ್ನು ಅದಕ್ಕೆ ನೇತುಹಾಕಿ, ಟೈಪ್ ಮಾಡಲು ಕೂತಳು.