ಬ್ರೇಕು ಹಾಕಿ ಮೊದಲು ತಾನೇ ಓಡಿಸುವ ದೊಡ್ಡಮಾದಯ್ಯ

ಬೆಳಿಗ್ಗೆ ಐದೂ ಇಪ್ಪತ್ತು. ನಂಜನಗೂಡಿನಿಂದ ತಾಂಡ್ಯಕ್ಕೆ ಹೋಗುವ ದಾರಿಯ ಬದಿಯಲ್ಲೊಂದು ತಗಡಿನ ಅಂಗಡಿ. ಅದರ ಮುಂದೆ ದೊಡ್ಡಮಾದಯ್ಯ ಒಂದು ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದ್ದಾರೆ. ಅವರ ಕೈಯಲ್ಲಿರುವುದು ದಾರ ಕಟ್ಟಿದ ಅಯಸ್ಕಾಂತ. ಕೆಟ್ಟ ರೇಡಿಯೊದ ಸ್ಪೀಕರಿನಿಂದ ಕಿತ್ತಿಟ್ಟುಕೊಂಡದ್ದು. ಹಿಂದಿನ ಚಕ್ರದ ರಿಮ್ಮಿಗೆ ಹಿಡಿದರೆ ಟಕ್ಕನೆ ಕಚ್ಚಿಕೊಳ್ಳುತ್ತದೆ. ಮುಂದಿನದಕ್ಕೆ ಹಿಡಿದರೆ ಸುಮ್ಮನೆ ಜಾರುತ್ತದೆ.

"ಹಿಂದ್ಲದು ಸ್ಟೀಲು, ಮುಂದ್ಲದು ಅಲ್ಯೂಮಿನಿಯಂ. ಯಾವಾಗ ಬದ್ಲಾಯಿಸ್ದೆ ಮಗ?"

"ಓದ್ ವರ್ಸ ಗುಂಡಿಗೆ ಬಿದ್ದು ರಿಮ್ ಸೊಟ್ಟಗಾಯ್ತು ತಾತ. ಸಿಕ್ಕಿದ್ದು ಆಕಿಸ್ದೋ."

ಹೀಗೆನ್ನುವ ಸಿಂಧು ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಹುಡುಗಿ. ಆರು ಗಂಟೆಗೆ ಶಿಫ್ಟು. ಮೊಬೈಲಿನಲ್ಲಿ ತರಿಸಿದ ಒಂದು ಪ್ಯಾಕೆಟ್ಟನ್ನು ಮುಂದೆ ಹಿಡಿದಿದ್ದಾಳೆ. ಒಳಗೆ ನಾಲ್ಕು ಬ್ರೇಕ್ ರಬ್ಬರು. "ಇವನ್ನೇ ಆಕ್ಕೊಡಿ ತಾತ, ಐದ್ ನಿಮ್ಸದ ಕೆಲ್ಸ ಅಲ್ವಾ?"

ದೊಡ್ಡಮಾದಯ್ಯ ಒಂದು ರಬ್ಬರಿಗೆ ಹೆಬ್ಬೆರಳಿನ ಉಗುರು ಒತ್ತುತ್ತಾರೆ. ಗುರುತೇ ಬೀಳುವುದಿಲ್ಲ. "ನಾಕೂ ಒಂದೇ ತರ ಅವೆ. ನಿನ್ ಚಕ್ರ ಎರಡ್ ತರ ಅವೆ. ಎರಡು ಕಾಲ್ಗೂ ಎಡಗಾಲ್ ಚಪ್ಲೀನೇ ತಂದಿದ್ದೀಯಲ್ಲ ಮಗ."

ಸೈಕಲ್ಲನ್ನು ಒಳಗಿಟ್ಟುಕೊಂಡು, ತಮ್ಮ ಹಳೆಯ ಸೈಕಲ್ಲನ್ನು ಅವಳ ಕೈಗೆ ಕೊಡುತ್ತಾರೆ. ಮಧ್ಯಾಹ್ನ ಬಂದು ಅವಳದನ್ನು ಒಯ್ಯಬೇಕೆಂದು ಹೇಳಿ ಕಳಿಸುತ್ತಾರೆ. ಆದರೆ ಮಧ್ಯಾಹ್ನ ಅದನ್ನು ಕೊಡಲು ಆಗುತ್ತದೋ ಇಲ್ಲವೋ ಅವರಿಗೇ ಗೊತ್ತಿಲ್ಲ.

ಕಾರಣ ಅವರ ಬಲ ಮಂಡಿ. ದೊಡ್ಡಮಾದಯ್ಯನವರದ್ದು ಒಂದು ಕಟ್ಟುಪಾಡು ಇದೆ. ಬ್ರೇಕ್ ರಬ್ಬರನ್ನು ಅವರು ಬಿಡಿಯಾಗಿ ಮಾರುವುದಿಲ್ಲ. ಸೈಕಲ್ಲು ತರಬೇಕು, ತಾವೇ ಹಾಕಬೇಕು. ಹಾಕಿದ ಮೇಲೆ ಎರಡೂ ರಿಮ್ಮಿಗೆ ಒಂದೊಂದು ಚೊಂಬು ನೀರು ಸುರಿದು, ತಾವೇ ಹತ್ತಿ, ಅಂಗಡಿ ಹಿಂದಿನ ಇಳಿಜಾರಿನಲ್ಲಿ ಬಿಡಬೇಕು. ಕೆಳಗೆ ಸುಣ್ಣದ ಗೆರೆ ಎಳೆದಿದೆ. ಗೆರೆಯ ಒಳಗೆ ನಿಂತರೆ ಮಾತ್ರ ಸೈಕಲ್ಲು ಯಜಮಾನನ ಕೈಗೆ. ಇಪ್ಪತ್ತು ದಿನದ ಹಿಂದೆ ಮಂಡಿ ಊದಿಕೊಂಡಿತು. ಪೆಡಲು ತುಳಿಯಕೂಡದು ಎಂದು ಡಾಕ್ಟರು ಹೇಳಿದರು. ಅಂದಿನಿಂದ ಬ್ರೇಕಿಗೆಂದು ಬಂದ ನಾಲ್ಕು ಸೈಕಲ್ಲು ವಾಪಸ್ಸು ಹೋಗಿವೆ. ಸಿಂಧುವಿನದು ಐದನೆಯದು, ಅವಳನ್ನು ವಾಪಸ್ಸು ಕಳಿಸಲು ಮನಸ್ಸಾಗಲಿಲ್ಲ.

"ಇವತ್ತು ಮಂಡಿ ಮಡಚಿದ್ರೆ ಸರಿ. ಇಲ್ದಿದ್ರೆ ಬ್ರೇಕ್ ಕೆಲ್ಸ ಇಲ್ಲಿಗೆ ಬುಟ್ಬುಡ್ತೀನಿ ಸಾ. ಪಂಚರ್ ಆಕ್ಕೊಂಡು ಇರಾದು," ಎನ್ನುತ್ತಾರೆ ನನ್ನ ಕಡೆ ತಿರುಗಿ.

ಪಕ್ಕದಲ್ಲಿ ಟ್ಯೂಬನ್ನು ನೀರಿನ ಬಾಣಲಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿರುವ ಹೆಂಡತಿ ಮುದ್ದಮ್ಮ ತಲೆ ಎತ್ತುವುದಿಲ್ಲ. "ಪಂಚರ್ ಆಕೋಳು ನಾನು. ನೀನ್ ಏನ್ ಮಾಡೀಯೆ, ಬೀಡಿ ಸೇದೀಯ?"

ದೊಡ್ಡಮಾದಯ್ಯನವರಿಗೆ ಈಗ ಅರವತ್ತಾರು. ಹುಟ್ಟಿದ್ದು ಮೂಗೂರಿನಲ್ಲಿ. ಏಳನೇ ತರಗತಿಗೆ ಓದು ಬಿಟ್ಟು ಟಿ. ನರಸೀಪುರದ ಒಂದು ಸೈಕಲ್ ಶಾಪಿಗೆ ಸೇರಿದರು. ತಾಂಡ್ಯದಲ್ಲಿ ಕಾರ್ಖಾನೆಗಳು ಎದ್ದಾಗ ಇಲ್ಲಿಗೆ ಬಂದು ತಗಡು ಹೊದಿಸಿ ಅಂಗಡಿ ಹಾಕಿದರು. ಆ ದಿನಗಳ ಮಾತು ತೆಗೆದರೆ ಸ್ಪ್ಯಾನರು ಕೆಳಗಿಡುತ್ತಾರೆ.

"ಕತ್ಲಲ್ಲಿ ಡೈನಮೋ ದೀಪ ಬತ್ತಿತ್ತು ಸಾ, ಸಾಲಾಗಿ. ಯಾರ್ ಮಖಾನೂ ಕಾಣಾಕಿಲ್ಲ, ದೀಪ ಮಾತ್ರ. ಬೆಲ್ಲಿನ್ ಸದ್ದಲ್ಲೇ ಯೋಳ್ತಿದ್ದೆ, ಇದು ರವಿಚಂದ್ರನ ಗಾಡಿ, ಇದು ಮಾದಪ್ಪನ ಗಾಡಿ ಅಂತ. ಒಸಾ ಸೈಕಲ್ ತಂದ್ರೆ ಅರಿಸ್ನ ಕುಂಕ್ಮ ಇಟ್ಟು, ನಿಂಬೆಹಣ್ಣು ಮೇಲೆ ಅತ್ತಿಸಿ, ಮೊದ್ಲು ನಮ್ ಅಂಗ್ಡಿಗೇ ಬರೋರು. ಒಂದ್ ಸುತ್ತು ಎಲ್ಲಾ ನಟ್ಟು ಬಿಗಿ ಮಾಡಿ ಅಂತ."

ಆಗ ಶಿಫ್ಟು ಬಿಡುವ ಹೊತ್ತಿಗೆ ಅಂಗಡಿ ಮುಂದೆ ನಿಲ್ಲಲು ಜಾಗವಿರುತ್ತಿರಲಿಲ್ಲ. ದಿನಕ್ಕೆ ಮೂವತ್ತು, ಮೂವತ್ತೈದು ಸೈಕಲ್ಲು. ಗಾಳಿ ಪಂಪಿಗೇ ಒಂದು ಸಾಲು. ಈಗ ಕಾರ್ಖಾನೆಯ ವ್ಯಾನು ಊರೂರಿಗೆ ಬರುತ್ತದೆ, ಉಳಿದವರಿಗೆ ಮೊಪೆಡ್ಡು, ಬೈಕು. ದಿನಕ್ಕೆ ಐದೋ ಆರೋ ಸೈಕಲ್ಲು ಬಂದರೆ ಹೆಚ್ಚು. ಅದರಲ್ಲೂ ಪಂಚರೆಲ್ಲ ಮುದ್ದಮ್ಮನ ಪಾಲು. ದೊಡ್ಡಮಾದಯ್ಯನವರ ಕೈಗೆ ಉಳಿದಿರುವುದು ಬ್ರೇಕು ಮತ್ತು ರಿಮ್ಮಿನ ಸೊಟ್ಟ ತೆಗೆಯುವುದು. ಬ್ರೇಕು ಬಿಟ್ಟರೆ ಎಷ್ಟೋ ದಿನ ಸುಮ್ಮನೆ ಕೂರಬೇಕು. ಐವತ್ತು ವರ್ಷ ಸುಮ್ಮನೆ ಕೂರದವರಿಗೆ ಅದು ಸಣ್ಣ ಮಾತಲ್ಲ.

ಇಳಿಜಾರಿನ ಪರೀಕ್ಷೆ ಶುರುವಾದದ್ದು ಒಂದು ತಪ್ಪಿನಿಂದ. ಟಿ. ನರಸೀಪುರದಲ್ಲಿದ್ದಾಗ ಅವರಿಗೆ ಇಪ್ಪತ್ತೆರಡು. ಸೋಸಲೆಯಿಂದ ಪೇಟೆಗೆ ಹಾಲಿನ ಕ್ಯಾನು ಹೊತ್ತು ತರುತ್ತಿದ್ದ ಬೆಟ್ಟಯ್ಯ ಎಂಬವರು ಬ್ರೇಕ್ ರಬ್ಬರು ಬದಲಿಸಲು ಬಂದರು. ರಬ್ಬರು ಕೂರುವುದು ಒಂದು ಪುಟ್ಟ ತಗಡಿನ ಗೂಡಿನಲ್ಲಿ. ಆ ಗೂಡಿಗೆ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ. ಚಕ್ರ ಎಳೆಯುವ ಕಡೆಗೆ ಮುಚ್ಚಿದ ತುದಿ ಬರಬೇಕು. ಅವಸರದಲ್ಲಿ ದೊಡ್ಡಮಾದಯ್ಯ ತಿರುಗುಮುರುಗಾಗಿ ಕೂರಿಸಿದರು.

"ಅಂಗ್ಡಿ ಮುಂದೆ ಇಡ್ದು ನೋಡ್ದಾಗ ಚೆನ್ನಾಗೇ ಇಡೀತು. ಒಳೆ ದಂಡೆ ಕಡೆ ಇಳಿಜಾರಲ್ಲಿ ಬ್ರೇಕ್ ಇಡ್ದವ್ರೆ, ರಬ್ಬರು ಗೂಡಿಂದ ಈಚ್ಗೆ ಬಂದ್ಬುಡ್ತು. ಬೆಟ್ಟಯ್ಯನ್ ಮಣಿಕಟ್ಟು ಮುರೀತು. ಆಲೆಲ್ಲ ದಾರಿ ಪಾಲು." ಸ್ಪ್ಯಾನರು ಎತ್ತಿಕೊಂಡು ಮುಂದುವರಿಸುತ್ತಾರೆ. "ಬಯ್ಯಕ್ ಬತ್ತಾರೆ ಅಂತ ಕಾಯ್ಕಂಡು ಕೂತಿದ್ದೆ. ವಾರ ಬುಟ್ಟು ಕೈಗೆ ಕಟ್ಟು ಕಟ್ಕಂಡು ಬಂದ್ರು. 'ನೀನೇ ಆಕು ಕಣ್ಲಾ ಮಾದ. ಈ ತಪ್ಪ ಇನ್ ಯಾರ್ ಬೇಕಾದ್ರೂ ಮಾಡ್ಬೌದು, ನೀನ್ ಮಾತ್ರ ಮಾಡಾಕಿಲ್ಲ' ಅಂದ್ರು. ಅವತ್ತಿಂದ ಮೊದ್ಲು ನಾನ್ ಓಡ್ಸಿ ನೋಡಾದು. ಬಿದ್ರೆ ರಿಪೇರಿ ಮಾಡ್ದೋನೇ ಬೀಳ್ಬೇಕು."

ಸಿಂಧುವಿನ ಸೈಕಲ್ಲಿನ ಹಳೆಯ ರಬ್ಬರನ್ನು ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ. ಮುಂದಿನ ಜೋಡಿಯಲ್ಲಿ ಬೆಳ್ಳಗೆ ಮಿನುಗುವ ಚೂರುಗಳು. ಅಲ್ಯೂಮಿನಿಯಂ ರಿಮ್ಮನ್ನು ಗಟ್ಟಿ ರಬ್ಬರು ಕೆರೆದು ತಿಂದದ್ದು. ಇದಕ್ಕೆ ಉಗುರಿನ ಗುರುತು ಬೀಳುವಷ್ಟು ಮೆತ್ತಗಿನದೇ ಬೇಕು. ಹಿಂದಿನ ಸ್ಟೀಲು ರಿಮ್ಮು ಒಣಗಿದ್ದಾಗ ಒಳ್ಳೆಯ ಮಗು, ಮಳೆ ಬಿದ್ದರೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಅದಕ್ಕೆ ಮೇಲೊಂದು ತೆಳು ಚರ್ಮದ ಪಟ್ಟಿ ಅಂಟಿಸಿದ ರಬ್ಬರು. ಅಂಥದು ಈಗ ಪೇಟೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಎರಡು ಜೋಡಿ ಉಳಿದಿವೆ. ಒಂದನ್ನು ತೆಗೆಯುತ್ತಾರೆ.

ಕೂರಿಸುವಾಗ ಅವಸರವಿಲ್ಲ. ರಬ್ಬರು ಟೈರಿಗೆ ತಾಗಿದರೆ ಟೈರು ಹರಿಯುತ್ತದೆ, ಕೆಳಗಿಳಿದರೆ ಕಡ್ಡಿಗೆ ಸಿಕ್ಕುತ್ತದೆ. ರಿಮ್ಮಿನ ನಡುವೆಯೇ ಬರಬೇಕು. ನಟ್ಟು ಬಿಗಿಯುವ ಮುಂಚೆ ರಬ್ಬರಿನ ಹಿಂದಿನ ಅಂಚಿಗೆ ಬಸ್ ಟಿಕೇಟೊಂದನ್ನು ಮಡಚಿ ಸಿಕ್ಕಿಸುತ್ತಾರೆ. ಬಿಗಿದ ಮೇಲೆ ಎಳೆದು ತೆಗೆಯುತ್ತಾರೆ. ಮುಂದಿನ ಅಂಚು ಕೂದಲೆಳೆಯಷ್ಟು ಮೊದಲು ಮುಟ್ಟಿದರೆ ಬ್ರೇಕು ಕಿರುಚುವುದಿಲ್ಲವಂತೆ. ಕೊನೆಗೆ ನಾಲ್ಕೂ ಗೂಡುಗಳ ಮುಚ್ಚಿದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಎರಡು ಸಲ.

ಎರಡೂವರೆಗೆ ಸಿಂಧು ಬರುತ್ತಾಳೆ. ದೊಡ್ಡಮಾದಯ್ಯ ಸೈಕಲ್ಲನ್ನು ಇಳಿಜಾರಿನ ತಲೆಗೆ ತಳ್ಳಿಕೊಂಡು ಹೋಗಿ ನೀರು ಸುರಿಯುತ್ತಾರೆ. ಎಡಗಾಲು ಪೆಡಲಿನ ಮೇಲಿಟ್ಟು ಬಲಗಾಲು ಆಚೆ ಹಾಕುತ್ತಾರೆ. ಒಂದು ತುಳಿತ. ಎರಡನೆಯದಕ್ಕೆ ಮಂಡಿ ಮಡಚುವುದಿಲ್ಲ. ಇಳಿದು ಹ್ಯಾಂಡಲ್ಲಿಗೆ ಒರಗಿ ನಿಲ್ಲುತ್ತಾರೆ.

"ಆಗಲ್ಲ ಕಣವ್ವ. ಬೇರೆ ಕಡೆ ತೋರಿಸ್ಬುಡು. ಇವನ್ನ ಬಿಚ್ಕೊಡ್ತೀನಿ."

"ಯಾಕ್ ಬಿಚ್ತೀರ ತಾತ, ನಾನೇ ಓಡಿಸ್ತೀನಿ ಕೊಡಿ."

"ಬ್ಯಾಡ. ನೀನ್ ದುಡ್ಯಾಕ್ ಓಗೋಳು, ಬೀಳಾಕಲ್ಲ."

ಅವರು ಸ್ಪ್ಯಾನರು ತರಲು ತಿರುಗುವಷ್ಟರಲ್ಲಿ ಮುದ್ದಮ್ಮ ಬಂದು ಹ್ಯಾಂಡಲ್ಲು ಹಿಡಿದಿದ್ದಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯಾಗಿದೆ. ಹನ್ನೆರಡು ವರ್ಷ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಸೈಕಲ್ಲಿನಲ್ಲೇ ಹೋಗಿ ಬಂದವರು ಅವರು. ಕೆಲಸ ಬಿಟ್ಟ ಮೇಲೆ ಸೈಕಲ್ಲು ಹತ್ತಿಲ್ಲ. ವಯಸ್ಸು ಅರವತ್ತೊಂದು.

"ಲೇ ಮುದ್ದಿ, ಬುಡು. ಒದ್ದೆ ಮಾಡಿವ್ನಿ."

"ಕಣ್ ಕಾಣ್ತದೆ ನಂಗೆ."

"ಬಿದ್ಗಿದ್ದೀಯೆ."

"ನೀನ್ ತಾನೆ ಆಕಿರಾದು? ಸರಿಯಾಗ್ ಆಕಿದ್ರೆ ಸುಮ್ನಿರಯ್ಯ. ಸರಿಯಾಗ್ ಆಕಿಲ್ಲ ಅಂದ್ರೆ ಈಗ್ಲೇ ಯೋಳು, ಬುಡ್ತೀನಿ."

ದೊಡ್ಡಮಾದಯ್ಯ ಬಗ್ಗಿ ಗೂಡುಗಳ ಮುಚ್ಚಿದ ತುದಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿ ಹಿಂದೆ ಸರಿಯುತ್ತಾರೆ. ಮುದ್ದಮ್ಮ ತಳ್ಳಿಕೊಂಡೇ ಹತ್ತುತ್ತಾರೆ. ಮೊದಲೆರಡು ಗಜ ಸೈಕಲ್ಲು ಅತ್ತಿತ್ತ ಓಲಾಡುತ್ತದೆ, ಆಮೇಲೆ ನೆಟ್ಟಗಾಗುತ್ತದೆ. ಇಳಿಜಾರಿನ ಅರ್ಧಕ್ಕೆ ಒಳ್ಳೆಯ ವೇಗ. ದೊಡ್ಡಮಾದಯ್ಯನವರ ಎರಡೂ ಕೈ ಗಾಳಿಯಲ್ಲೇ ಬ್ರೇಕು ಹಿಡಿದಿವೆ. ಸದ್ದಿಲ್ಲದೆ ವೇಗ ತಗ್ಗುತ್ತದೆ. ಗೆರೆಗೆ ಒಂದು ಮೊಳವಿರುವಾಗ ಮುದ್ದಮ್ಮ ಕಾಲು ನೆಲಕ್ಕಿಡುತ್ತಾರೆ.

ಏದುಸಿರು ಬಿಡುತ್ತ ಸೈಕಲ್ಲು ತಳ್ಳಿಕೊಂಡು ಮೇಲೆ ಬರುತ್ತಾರೆ. "ಮುಂದ್ಲದು ಚೆನ್ನಾಗ್ ಇಡೀತದೆ. ಇಂದ್ಲದು ಒಂದೆಳೆ ಬಿಗಿ ಮಾಡು." ಅಷ್ಟು ಹೇಳಿ ಬಾಣಲಿಯ ಹತ್ತಿರ ಹೋಗಿ ಕೂರುತ್ತಾರೆ.

ದೊಡ್ಡಮಾದಯ್ಯ ಒಂದೆಳೆ ಬಿಗಿ ಮಾಡಿ ಸೈಕಲ್ಲನ್ನು ಸಿಂಧುವಿನ ಕೈಗೆ ಕೊಡುತ್ತಾರೆ. ಅವಳು ಹೋದ ಮೇಲೂ ಬಹಳ ಹೊತ್ತು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಾರೆ.

ಹಾಗಾದರೆ ಬ್ರೇಕಿನ ಕೆಲಸ ಮುಂದುವರಿಯುತ್ತದೆಯೇ ಎಂದರೆ, ಹೆಂಡತಿಯ ಕಡೆ ಒಮ್ಮೆ ನೋಡಿ ಹೇಳುತ್ತಾರೆ: "ಮಾಡ್ತೀನಿ ಸಾ. ಆದ್ರೆ ಇನ್ಮೇಲೆ ಇನ್ನೂ ಉಸಾರಾಗ್ ಮಾಡ್ಬೇಕು. ಇಷ್ಟ್ ದಿನ ಬಿದ್ದಿದ್ರೆ ನಾನ್ ಬೀಳ್ತಿದ್ದೆ."