ನೆಟ್ಟಗಾಗದ ಗೆರೆ

ನನ್ನ ಸಂಶೋಧನೆಯ ಗೈಡ್ ರಾಯಚೂರಿನ ಕಡೆಯವರು. ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ವಿಭಾಗದಲ್ಲಿ ಎಲ್ಲರೊಡನೆ ತೆಲುಗು, ಇಂಗ್ಲಿಷ್. ಕನ್ನಡ ನೆನಪಾಗುತ್ತಿದ್ದುದು ಬಾಗಿಲು ಹಾಕಿ ನನ್ನನ್ನು ಬೈಯುವಾಗ ಮಾತ್ರ. ಎದುರಿನ ಕುರ್ಚಿಯ ಮೇಲೆ ಬೇಕೆಂದೇ ಫೈಲು ಪೇರಿಸಿಡುತ್ತಿದ್ದರು. ಮೂರು ವರ್ಷ ನಾನು ನಿಂತೇ ಬೈಸಿಕೊಂಡೆ.

ನನ್ನ ಕೆಲಸ ಒಂದೇ ಸಾಲಿನಲ್ಲಿರುವ ಎಲೆಕ್ಟ್ರಾನುಗಳದ್ದು. ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಒಂದನ್ನು ಕಂಡರೆ ಒಂದಕ್ಕಾಗದು. ಒಂದು ಅಲುಗಿದರೆ ಸಾಲೇ ಅಲುಗಬೇಕು. ಸಾಲಿಗೆ ತುದಿ ಇರಬಾರದೆಂದು ಎರಡು ಕೊನೆಗಳನ್ನೂ ಸೇರಿಸಿ ಬಳೆ ಮಾಡಿ, ಅವುಗಳ ಶಕ್ತಿ ಲೆಕ್ಕ ಹಾಕುತ್ತಿದ್ದೆ. ಆರು, ಹತ್ತು ಎಲೆಕ್ಟ್ರಾನುಗಳ ಉತ್ತರ ಗ್ರಾಫಿನಲ್ಲಿ ಬರಬೇಕಾದ ನೇರ ಗೆರೆಯ ಮೇಲೆ ಬಂತು. ನಾಲ್ಕು, ಎಂಟರದ್ದು ದೂರ ಬಿತ್ತು.

"ಅವೆರಡೂ ತೆಗೆದು ಒಗಿ. ಗೆರಿ ನೆಟ್ಟಗ ಬರಬೇಕು. ಇಲ್ಲಾಂದ್ರ ಥೀಸಿಸ್ ಮ್ಯಾಲ ನನ್ನ ಸಹಿ ಮರತುಬಿಡು."

"ಲೆಕ್ಕ ತಪ್ಪಿಲ್ರಿ ಸರ್. ಎರಡು ಸಲ ಮಾಡೀನಿ."

"ನನಗ ಕಲಿಸಾಕ ಬಂದೀಯೇನು?"

ಸಿಕಂದರಾಬಾದಿನ ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಹಲ್ಲು ಕಡಿದೆ. ಆದರೆ ಒಗೆಯಲಿಲ್ಲ. ಎರಡು ತಿಂಗಳು ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ತೊಡಕು ಬಳೆಯ ಬೆಸುಗೆಯಲ್ಲಿತ್ತು. ಎಲೆಕ್ಟ್ರಾನುಗಳಲ್ಲಿ ಅರ್ಧ ಒಂದು ಪಂಗಡ, ಅರ್ಧ ಇನ್ನೊಂದು. ಕೊನೆಯ ಎಲೆಕ್ಟ್ರಾನು ಬೆಸುಗೆ ದಾಟಿದರೆ ಸಾಲಿನಲ್ಲಿ ಮೊದಲನೆಯದಾಗುತ್ತದೆ, ತನ್ನ ಪಂಗಡದ ಉಳಿದೆಲ್ಲವನ್ನೂ ಹಿಂದೆ ಹಾಕಿದಂತೆ. ಆ ಉಳಿದವು ಬೆಸಸಂಖ್ಯೆಯಲ್ಲಿದ್ದರೆ ಲೆಕ್ಕದ ಚಿಹ್ನೆ ಪ್ಲಸ್ಸಿನಿಂದ ಮೈನಸ್ಸಿಗೆ ಮಗುಚುತ್ತದೆ. ನಾಲ್ಕರಲ್ಲಿ ಹಾಗೆ ಉಳಿಯುವುದು ಒಂದು, ಎಂಟರಲ್ಲಿ ಮೂರು; ಆಗಿದ್ದು ಅದೇ. ಅಲ್ಲಿ ಮಾತ್ರ ಬೆಸುಗೆಯ ಚಿಹ್ನೆ ತಿರುಗಿಸಿದೆ. ಎಲ್ಲವೂ ಗೆರೆಗೆ ಬಂದವು.

ಹಾಳೆಗಳನ್ನು ಒಯ್ದು ಮೇಜಿನ ಮೇಲಿಟ್ಟೆ. ವಿವರಣೆ ಓದುವ ಸೌಜನ್ಯವೂ ಆ ಮನುಷ್ಯನಿಗಿಲ್ಲ, ಗ್ರಾಫಿನ ಚಿತ್ರವನ್ನಷ್ಟೇ ತೆಗೆದಿಟ್ಟುಕೊಂಡರು. ಮುಂದಿನ ವಾರ ಸೆಮಿನಾರಿನಲ್ಲಿ ಅದೇ ಚಿತ್ರ. ಇದು ತಮಗೆ ಹೊಳೆದದ್ದು ಎಂದು ಇಂಗ್ಲಿಷಿನಲ್ಲಿ ಹೇಳಿಕೊಂಡರು! ಹೊರಗಿನಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ಕೇಳಿದರು: ಎಂಟಕ್ಕೆ ಚಿಹ್ನೆ ತಿರುಗಿಸಿದ್ದೀರಿ, ಹತ್ತಕ್ಕೆ ಯಾಕಿಲ್ಲ?

ಗೈಡ್ ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ ನನ್ನತ್ತ ತಿರುಗಿದರು. ಎಲ್ಲರೆದುರು ಮೊದಲ ಸಲ ಕನ್ನಡ ಬಂತು: "ಹೇಳವ್ವಾ, ನೀ ಹೇಳು."

ಅವ್ವಾ ಅಂತೆ!

"ನಿಮಗ ಹೊಳದದ್ದು ನಾ ಹೆಂಗ ಹೇಳ್ಲಿ? ನೀವ ಹೇಳ್ರಿ ಸರ್," ಎಂದೆ, ಕುಳಿತಲ್ಲಿಂದ ಏಳದೆ.

ಸಹಿ ಒಂದು ವರ್ಷ ತಡವಾಯಿತು. ಹಾಕಿದ ದಿನವೂ ಆ ಕುರ್ಚಿಯ ಮೇಲೆ ಫೈಲುಗಳಿದ್ದವು. ಎತ್ತಿ ನೆಲಕ್ಕಿಟ್ಟು ಕುಳಿತುಕೊಂಡೆ.