ಕಾಕು ಇರುವೆಗೆ ಹಾಕಿದ ಕಾಳು

ಮೊನ್ನೆ ಬಿಂಕದಕಟ್ಟಿಯ ದಾರಿಯಲ್ಲಿ ಜಾಲಿಗಿಡದ ಕೆಳಗೆ ನಿಂತಿದ್ದಾಗ ತೋಳಿನ ಮೇಲೊಂದು ರೆಕ್ಕೆಹುಳು ಬಿತ್ತು. ಕಿತ್ತಳೆ ಬಣ್ಣ, ಬೆನ್ನಿಗೆ ಅಡ್ಡಲಾಗಿ ಕರಿ ಪಟ್ಟಿ, ಮೊಂಡು ಮೈ. ಬೆಟಗೇರಿಯ ಕಾಕು ನೆನಪಾದರು…

ಎಂಬತ್ತರ ದಶಕದ ಮೊದಲಲ್ಲಿ ನಾನು ಗದಗಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ ಅವರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿಯನ್ನು ಕಾಕು ಎನ್ನುತ್ತಿದ್ದೆ. ದೇವಸ್ಥಾನದ ಸೇವೆಯ ಮನೆತನ. ಅವರ ಮಡಿ ಎಂದರೆ ಮಡಿ. ನನ್ನ ಪಿಎಚ್‌ಡಿ ಇದೇ ಹುಳುವಿನ ಮೇಲೆ. ತಾಯಿಹುಳು ಒಂದೊಂದು ಮೊಟ್ಟೆಗೂ ತನ್ನ ಹಿಕ್ಕೆಯನ್ನೇ ಹೊದಿಸಿ ಗಿಡದಿಂದ ಕೆಳಗೆ ಬೀಳಿಸುತ್ತದೆ. ನೋಡಿದರೆ ಥೇಟ್ ಯಾವುದೋ ಕಾಳು. ಹುಟ್ಟಿದ ಮರಿ ಆ ಚಿಪ್ಪಿಗೆ ತನ್ನ ಹಿಕ್ಕೆಯನ್ನೂ ಮೆತ್ತಿ ದೊಡ್ಡದು ಮಾಡಿಕೊಂಡು ಹೊತ್ತು ತಿರುಗುತ್ತದೆ. ಇಷ್ಟು ಗೊತ್ತಿತ್ತು. ಅದು ಏನು ತಿಂದು ಎಲ್ಲಿ ಬೆಳೆಯುತ್ತದೆ ಎಂಬುದು ತಿಳಿಯದೆ ಮರಿಗಳೆಲ್ಲ ನನ್ನ ಡಬ್ಬಿಯಲ್ಲೇ ಸಾಯುತ್ತಿದ್ದವು. ಈ ಸಲವೂ ಸತ್ತರೆ ವಿಷಯ ಬಿಟ್ಟುಬಿಡಿ ಎಂದು ಗೈಡು ಹೇಳಿಬಿಟ್ಟಿದ್ದರು.

ಒಂದು ಶನಿವಾರ ಕಾಲೇಜಿನಿಂದ ಬಂದರೆ ನನ್ನ ಮೊಟ್ಟೆಗಳ ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದರು. ಕಾಕು ಹಿತ್ತಲಲ್ಲಿ, ವಾರದ ಪದ್ಧತಿಯಂತೆ, ಇರುವೆಗೂಡಿಗೆ ಹಿಟ್ಟು-ಸಕ್ಕರೆ ಉದುರಿಸುತ್ತಿದ್ದರು.

"ಕಾಕು, ಡಬ್ಬ್ಯಾಗಿನವು ಎಲ್ಲಿ?"

"ಹುಳಾ ಹತ್ತಿದ ಕಾಳಲ್ರೀ ಮಾಸ್ತರ? ಚೆಲ್ಲೂದ್ಯಾಕಂತ ಇರವಿಗೆ ಹಾಕೀನಿ."

ಗೂಡಿನ ಹತ್ತಿರ ಬಗ್ಗಿ ನೋಡಿದೆ. ಕರಿಯಿರುವೆಗಳು ನನ್ನ ದುಡಿಮೆಯನ್ನೆಲ್ಲ ಸಾಲು ಹಿಡಿದು ಒಳಗೆ ಒಯ್ಯುತ್ತಿದ್ದವು. ಅವು ಮೊಟ್ಟೆ ಎಂದು ತಿಳಿದಾಗ ಕಾಕು ಸೆರಗು ಬಾಯಿಗೆ ಹಚ್ಚಿಕೊಂಡರು. ಅಂದಿನಿಂದ ಗೂಡಿನ ಹತ್ತಿರ ಯಾರಾದರೂ ಬಚ್ಚಲ ನೀರು ಚೆಲ್ಲಿದರೆ ಮೈಮೇಲೇ ಹೋಗುತ್ತಿದ್ದರು.

ಮರುವರ್ಷ ಮೊದಲ ಮಳೆಯ ಮಾರನೆಯ ಬೆಳಗ್ಗೆ "ಮಾಸ್ತರ!" ಎಂದು ಕಿರುಚಿದರು. ಹಾವೇ ಬಂತೆಂದು ಓಡಿದೆ. ಮಡಿಸೀರೆಯಲ್ಲಿ ನಿಂತ ಕಾಕುವಿನ ಅಂಗೈ ಮೇಲೆ ಕಿತ್ತಳೆ ಹುಳು! ಗೂಡಿನ ಬಾಯಿಂದ ಇನ್ನೆರಡು ಹೊರಬರುತ್ತಿದ್ದವು. ನಾನು ಹುಡುಕುತ್ತಿದ್ದ ಜಾಗ ಇರುವೆಗಳ ಮನೆಯಾಗಿತ್ತು!

ಇರುವೆಗಳು ಹೊರಗೆ ಎಳೆದು ಹಾಕಿದ್ದ ಖಾಲಿ ಚಿಪ್ಪನ್ನು ಇನ್ನೊಂದು ಕೈಯಲ್ಲೆತ್ತಿ "ಇದೇನ್ರೀ?" ಎಂದರು. ಖುಷಿಯ ಭರದಲ್ಲಿ ಹಿಕ್ಕೆಯ ಸಂಗತಿ ಹೇಳಿಬಿಟ್ಟೆ. ಎರಡನ್ನೂ ಎಸೆದು ಬಾವಿಗೆ ಓಡುತ್ತಾರೆ ಎಂದುಕೊಂಡು ನಾಲಗೆ ಕಚ್ಚಿಕೊಂಡೆ.

"ಪಾಪ, ಆ ತಾಯಿ ಕಡೆ ಬ್ಯಾರೆ ಏನಿತ್ತು ಹೊಚ್ಚಾಕ?" ಎಂದು ಹುಳುವನ್ನು ನನ್ನ ಕೈಗೆ ಮೆಲ್ಲನೆ ಇಳಿಸಿದರು. ಆಮೇಲೆ ಮತ್ತೆ ಸ್ನಾನಕ್ಕೆ ಹೋದರು.

ಮುಂದೆ ನನಗೆ ಮುಂಡರಗಿಯಲ್ಲಿ ಕೆಲಸವಾಯಿತು. ಪದವಿ ಸಿಕ್ಕ ವಾರ ಪೇಢೆ ತೆಗೆದುಕೊಂಡು ಬೆಟಗೇರಿಗೆ ಹೋದೆ. ಬಾಗಿಲು ತೆಗೆದ ಸೊಸೆ, ಕಾಕು ತೀರಿ ತಿಂಗಳಾಯಿತೆಂದರು. ಪೊಟ್ಟಣ ಹಿಡಿದು ನಿಂತೇ ಇದ್ದೆ. ಹಳೆಯ ಬಾಡಿಗೆಯವನಿಗೆ ಖಬರ ಕೊಡಬೇಕೆಂದು ಯಾರಿಗೆ ಹೊಳೆದೀತು…

"ಇರವಿಗೆ ಹಿಟ್ಟು ಹಾಕೂದು ಬಿಡಬ್ಯಾಡ, ಅಲ್ಲೆ ಮಾಸ್ತರ ಕೂಸುಗಳು ಅದಾವ ಅಂತ ಅತ್ತಿ ಹೇಳಿ ಹೋಗ್ಯಾರ್ರೀ," ಎಂದರು ಸೊಸೆ.

ಮೊನ್ನೆ ತೋಳಿನ ಮೇಲಿನ ಹುಳು ತಾನಾಗಿ ಹಾರಿಹೋಗುವವರೆಗೂ ಅಲ್ಲಾಡದೆ ನಿಂತಿದ್ದೆ. ಕೂಗಿ ಕರೆದು ತೋರಿಸೋಣವೆಂದರೆ ಕಾಕು ಇಲ್ಲ.